ಶಾಲೆಯಿಲ್ಲದ ವಿದ್ಯೆಗೆ ಮೊದಲ ವಿದ್ಯಾರ್ಥಿ: ದಾದಾಸಾಹೇಬ ಫಾಳ್ಕೆಯವರ ಜೀವನ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಜನರಲ್ಲಿ ಮಕ್ಕಳನ್ನು ಓದಿಸುವ ಹಂಬಲವಿಲ್ಲದವರು ವಿರಳ. ಮಗನು ಡಾಕ್ಟರನಾಗುವೆನೆಂದರೆ ಸಂತೋಷ, ಇಂಜಿನಿಯರನಾಗುವೆನೆಂದರೆ ಸಂತೋಷ, ಬ್ಯಾಂಕಿನ ಚಾಕರಿಗೆ ಸೇರುವೆನೆಂದರೂ ಸಂತೋಷವೇ. ಆದರೆ ಚಲಚ್ಚಿತ್ರ ಮತ್ತು ದೂರದರ್ಶನದ ವಿದ್ಯೆಯನ್ನು ಕಲಿಯುವೆನೆಂದು ಮಗನೋ ಮಗಳೋ ಬಾಯಿಬಿಟ್ಟರೆ ಮನೆಯಲ್ಲಿ ಒಂದು ಗಳಿಗೆ ಮೌನ ಕವಿಯುತ್ತದೆ. ಅದೂ ಒಂದು ವಿದ್ಯೆಯೇ? ಅದಕ್ಕೂ ಒಂದು ಕಾಲೇಜೇ? ಎಂದು ಹಿರಿಯರು ಮುಖಮುಖ ನೋಡಿಕೊಳ್ಳುತ್ತಾರೆ.

ಈಚೆಗೆ ಒಂದು ಸಂಜೆ, ನಾವು ಹೋಟೆಲು ನಡೆಸುತ್ತಿದ್ದ ಕಾಲದಿಂದಲೂ ಪರಿಚಿತರಾದ ಸದ್ಗೃಹಸ್ಥರೊಬ್ಬರು ಪತ್ರಿಕೆಯ ಕಚೇರಿಗೆ ಬಂದು ಇದೇ ಸಂಕಟವನ್ನು ತೋಡಿಕೊಂಡರು. ಪದವಿ ಮುಗಿಸಿದ ಅವರ ಮಗನು ಪುಣೆಯ ಚಲಚ್ಚಿತ್ರ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಕೂಡುವೆನೆಂದು ಹಟ ಹಿಡಿದಿದ್ದನು. ನಾವಾದರೋ ಎಸ್.ಎಸ್.ಎಲ್.ಸಿ. ಮುಗಿಸಿದೊಡನೆ ಗಲ್ಲೆಯ ಮೇಲೆ ಕುಳಿತವರು. ಕಾಲೇಜಿನ ವಿಷಯದಲ್ಲಿ ಮತ್ತೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ. ಆದುದರಿಂದ ಬುದ್ಧಿ ಹೇಳುವ ಗೊಡವೆಗೆ ಹೋಗದೆ, ಆ ವಿದ್ಯೆಗೆ ನಮ್ಮ ದೇಶದಲ್ಲಿ ಶಾಲೆಯೇ ಇಲ್ಲದಿದ್ದಾಗ ಅದನ್ನು ಕಲಿಯಲು ಹೊರಟ ಒಬ್ಬ ಮಹಾನುಭಾವರ ಕಥೆಯನ್ನು ಅವರಿಗೆ ಹೇಳಿದೆವು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ಕಲಾಭ್ಯಾಸ

ಧುಂಡಿರಾಜ ಗೋವಿಂದ ಫಾಳ್ಕೆಯವರು ೧೮೭೦ನೆಯ ಇಸವಿ ಏಪ್ರಿಲ್ ೩೦ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ದಾದಾಸಾಹೇಬರೆಂಬುದು ಮುಂದೆ ಜನರು ಪ್ರೀತಿಯಿಂದ ಕರೆದ ಹೆಸರು. ತಂದೆಯವರು ಸಂಸ್ಕೃತದಲ್ಲಿ ಘನ ವಿದ್ವಾಂಸರು. ವೇದ, ಪುರಾಣ, ಪೂಜೆ, ಪುನಸ್ಕಾರಗಳ ನಡುವೆ ಬೆಳೆದ ಹುಡುಗನು ತಂದೆಯ ದಾರಿಯನ್ನೇ ಹಿಡಿಯುವನೆಂದು ಯಾರಾದರೂ ಊಹಿಸಬಹುದಿತ್ತು. ತಂದೆಯವರಿಗೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುವ ಕೆಲಸ ದೊರೆತು, ಸಂಸಾರವು ಮುಂಬಯಿಗೆ ಬಂದಿತು. ಹುಡುಗನ ಮನಸ್ಸು ಮಾತ್ರ ಚಿತ್ರ ಬರೆಯುವುದರಲ್ಲಿ, ನಾಟಕ ಆಡುವುದರಲ್ಲಿ, ಕೈಚಳಕದ ಆಟಗಳಲ್ಲಿ ನೆಟ್ಟಿತ್ತು.

೧೮೮೫ರಲ್ಲಿ, ಹದಿನೈದರ ಪ್ರಾಯದಲ್ಲಿ, ಅವರು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯನ್ನು ಸೇರಿ ರೇಖಾಚಿತ್ರವನ್ನು ಕಲಿತರು. ಅಲ್ಲಿಂದ ಅಣ್ಣನ ಜೊತೆಗೆ ಬಡೋದೆಗೆ ಹೋಗಿ, ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ನಡೆಯುತ್ತಿದ್ದ ಕಲಾಭವನದ ವಿದ್ಯಾರ್ಥಿಯಾದರು. ಕಲಾಭವನದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಗಜ್ಜರರು ವಿದ್ಯಾರ್ಥಿಯ ಕೈಗುಣವನ್ನು ಬೇಗನೆ ಗುರುತಿಸಿದರು. ಸಂಸ್ಥೆಯ ಛಾಯಾಚಿತ್ರಶಾಲೆಯನ್ನೂ ಪ್ರಯೋಗಾಲಯವನ್ನೂ ಅವರ ವಶಕ್ಕೆ ಬಿಟ್ಟುಕೊಟ್ಟರು. ತೈಲವರ್ಣ, ಜಲವರ್ಣ, ಶಿಲ್ಪಕ್ಕೆ ಎರಕ ಹೊಯ್ಯುವ ಬಗೆ, ಛಾಯಾಚಿತ್ರ, ಕತ್ತಲೆ ಕೋಣೆಯ ರಸಾಯನ ಕ್ರಿಯೆ, ಇವೆಲ್ಲವನ್ನೂ ಫಾಳ್ಕೆಯವರು ಒಂದೊಂದಾಗಿ ವಶಮಾಡಿಕೊಂಡರು. ೧೮೯೨ರಲ್ಲಿ ಅಹಮದಾಬಾದಿನ ಕೈಗಾರಿಕಾ ಪ್ರದರ್ಶನದಲ್ಲಿ ಅವರು ಮಾಡಿಟ್ಟ ಆದರ್ಶ ನಾಟಕಗೃಹದ ಮಾದರಿಗೆ ಚಿನ್ನದ ಪದಕವು ಲಭಿಸಿತು.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗಿನ್ನೂ ಭಾರತಕ್ಕೆ ಚಲಚ್ಚಿತ್ರವೇ ಬಂದಿರಲಿಲ್ಲ. ಲ್ಯೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ತೋರಿಸಲ್ಪಟ್ಟದ್ದು ೧೮೯೬ರ ಜುಲೈ ೭ರಂದು. ಅಂದರೆ, ಆ ವಿದ್ಯೆಯು ಹುಟ್ಟುವ ಮೊದಲೇ ಅದಕ್ಕೆ ಬೇಕಾದ ಅಂಗಗಳನ್ನು ಈ ವಿದ್ಯಾರ್ಥಿಯು ತನಗರಿವಿಲ್ಲದೆ ಕೂಡಿಹಾಕಿಕೊಳ್ಳುತ್ತಿದ್ದನು.

ಹಲವು ಕಸುಬು, ಹಲವು ಸೋಲು

ವಿದ್ಯೆ ಬಂದಿತಾದರೂ ಅನ್ನದ ದಾರಿ ಸುಲಭವಾಗಲಿಲ್ಲ. ಗುಜರಾತಿನ ಗೋಧ್ರಾದಲ್ಲಿ ಛಾಯಾಚಿತ್ರದ ಅಂಗಡಿಯನ್ನು ತೆರೆದರು. ಪ್ಲೇಗು ಮಾರಿಯು ಅವರ ಮೊದಲ ಪತ್ನಿಯನ್ನೂ ಮಗುವನ್ನೂ ಕೊಂಡೊಯ್ದಿತು. ಮನಸ್ಸು ಒಡೆದು ಬಡೋದೆಗೆ ಮರಳಿ ಮತ್ತೆ ಅದೇ ಕಸುಬನ್ನು ಹಿಡಿದರೆ, ಕ್ಯಾಮರಾವು ಮನುಷ್ಯನ ಆಯುಷ್ಯವನ್ನು ಹೀರಿಕೊಳ್ಳುತ್ತದೆಂಬ ಜನರ ಭಯದಿಂದ ಗಿರಾಕಿಗಳೇ ಬರಲಿಲ್ಲ. ಆಮೇಲೆ ನಾಟಕ ಕಂಪೆನಿಗಳಿಗೆ ಪರದೆಗಳನ್ನು ಬರೆದುಕೊಟ್ಟರು. ಅದರಿಂದ ರಂಗಭೂಮಿಯ ಒಳಗುಟ್ಟುಗಳು ತಿಳಿದವು. ಇಂದ್ರಜಾಲವನ್ನು ಕಲಿತು ಜನರ ಮುಂದೆ ಪ್ರಯೋಗಿಸಿದರು. ಇಲ್ಲದ್ದನ್ನು ಇದ್ದಂತೆ ತೋರಿಸುವ ಆ ಕಲೆಯು ಮುಂದೆ ಪರದೆಯ ಮೇಲೆ ದೇವತೆಗಳನ್ನು ಪ್ರತ್ಯಕ್ಷಗೊಳಿಸುವಾಗ ಒದಗಿಬಂದಿತು.

೧೯೦೨ರಲ್ಲಿ ಅವರು ಎರಡನೆಯ ವಿವಾಹವಾದರು. ಪತ್ನಿಯ ಹೆಸರು ಸರಸ್ವತೀಬಾಯಿ. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ೧೯೦೩ರಲ್ಲಿ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಗ್ರಾಹಕ ಮತ್ತು ನಕ್ಷೆಗಾರರ ಕೆಲಸ ಸಿಕ್ಕಿತು. ಸರಕಾರಿ ಚಾಕರಿ, ತಿಂಗಳು ತಿಂಗಳಿಗೆ ಸಂಬಳ. ಸಾಮಾನ್ಯನಾದವನು ಅಲ್ಲಿಯೇ ನೆಮ್ಮದಿಯಿಂದ ಮುದುಕನಾಗುತ್ತಿದ್ದನು. ಆದರೆ ಬಂಗಾಲದ ವಿಭಜನೆಯ ನಂತರ ದೇಶದಲ್ಲೆಲ್ಲ ಹಬ್ಬಿದ ಸ್ವದೇಶೀ ಗಾಳಿಯಲ್ಲಿ ಅವರು ಆ ಚಾಕರಿಗೆ ರಾಜೀನಾಮೆಯಿತ್ತು, ಲೋಣಾವಳದಲ್ಲಿ ಬ್ಲಾಕು ಮತ್ತು ಮುದ್ರಣದ ಕಾರ್ಖಾನೆಯನ್ನು ಹೂಡಿದರು. ನಮ್ಮ ಅಜ್ಜಂದಿರ ಮನೆಗಳ ಗೋಡೆಯ ಮೇಲೆ ಲಕ್ಷ್ಮೀ ಸರಸ್ವತಿಯರ ಚಿತ್ರಗಳನ್ನು ತಂದುಕೊಟ್ಟ ರವಿವರ್ಮ ಮುದ್ರಣಾಲಯಕ್ಕೂ ಅವರು ಕಲ್ಲಚ್ಚಿನ ಕೆಲಸವನ್ನು ಮಾಡಿಕೊಟ್ಟರು. ಮುಂದೆ ಕಾರ್ಖಾನೆಯು ಮುಂಬಯಿಯ ದಾದರಿಗೆ ಬಂದಿತು. ೧೯೦೯ರಲ್ಲಿ ಬಣ್ಣದ ಅಚ್ಚಿನ ಯಂತ್ರಗಳಿಗಾಗಿ ಜರ್ಮನಿಗೂ ಹೋಗಿಬಂದರು. ವ್ಯಾಪಾರವು ಕುದುರುವಷ್ಟರಲ್ಲಿ ಪಾಲುದಾರರೊಡನೆ ಮನಸ್ತಾಪ ಬೆಳೆಯಿತು. ಕಟ್ಟಿ ಬೆಳೆಸಿದ ಮುದ್ರಣಾಲಯವನ್ನು ಬಿಟ್ಟು, ಬರಿಗೈಯಲ್ಲಿ ಹೊರಬಂದರು.

ಪಾಲುದಾರಿಕೆಯ ವ್ಯವಹಾರದಲ್ಲಿ ಕೈಸುಟ್ಟುಕೊಂಡವರು ನಮ್ಮ ಹೋಟೆಲು ಧಂದೆಯಲ್ಲಿ ಕಡಿಮೆಯಿಲ್ಲ. ಆದುದರಿಂದ ಆ ದಿನಗಳ ದಾದಾಸಾಹೇಬರ ಮನಃಸ್ಥಿತಿಯನ್ನು ನಮ್ಮ ಅನೇಕ ವಾಚಕರು ಬಿಡಿಸಿ ಹೇಳದೆಯೇ ಅರಿಯಬಲ್ಲರು.

ನಲವತ್ತರಲ್ಲಿ ವಿದ್ಯಾರ್ಥಿ

ಈ ಮನಃಕ್ಲೇಶದ ದಿನಗಳಲ್ಲಿ, ೧೯೧೧ರ ಹೊತ್ತಿಗೆ, ಅವರು ಮುಂಬಯಿಯ ಒಂದು ತಂಬುವಿನಂತಹ ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನವನ್ನು ತೋರಿಸುವ ಚಿತ್ರವನ್ನು ನೋಡಿದರು. ಸುತ್ತಲಿನವರು ಬೆಳಕಿನ ಆಟವನ್ನು ನೋಡಿ ಬೆರಗಾಗಿದ್ದರೆ, ಇವರ ಕಣ್ಣಿನ ಮುಂದೆ ಕ್ರಿಸ್ತನ ಸ್ಥಳದಲ್ಲಿ ಕೃಷ್ಣನೂ ರಾಮನೂ ನಿಂತರು. ನಮ್ಮ ದೇವರುಗಳು, ನಮ್ಮ ಪುರಾಣಗಳು ಹೀಗೆ ಪರದೆಯ ಮೇಲೆ ಯಾವಾಗ ಬಂದಾವೆಂಬ ಯೋಚನೆಯು ಅವರನ್ನು ಹಿಡಿದಿತು. ಮತ್ತೊಮ್ಮೆ ಪತ್ನಿಯನ್ನೂ ಕರೆದುಕೊಂಡು ಹೋಗಿ ಅದೇ ಚಿತ್ರವನ್ನು ನೋಡಿದರು.

ಆಗ ಅವರ ವಯಸ್ಸು ನಲವತ್ತನ್ನು ದಾಟಿತ್ತು. ಹೆಂಡತಿ ಮಕ್ಕಳ ಭಾರವಿತ್ತು, ಉದ್ಯೋಗವಿರಲಿಲ್ಲ. ಕಲಿಸುವ ಗುರುವಿರಲಿಲ್ಲ, ಸೇರಲು ಶಾಲೆಯಿರಲಿಲ್ಲ. ಆದರೂ ಅವರು ಮತ್ತೆ ವಿದ್ಯಾರ್ಥಿಯಾದರು. ಒಂದು ಚಿಕ್ಕ ಆಟದ ಕ್ಯಾಮರಾವನ್ನೂ ಕೆಲವು ಫಿಲ್ಮಿನ ಸುರುಳಿಗಳನ್ನೂ ಕೊಂಡುತಂದು ರಾತ್ರಿಯೆಲ್ಲ ಪರೀಕ್ಷಿಸಿದರು. ಊರಿನಲ್ಲಿ ನಡೆಯುತ್ತಿದ್ದ ಚಿತ್ರಗಳನ್ನು ದಿನವೂ ನೋಡಿದರು. ವಿದೇಶದಿಂದ ಪುಸ್ತಕಗಳನ್ನೂ ಬೆಲೆಪಟ್ಟಿಗಳನ್ನೂ ತರಿಸಿದರು. ಲಂಡನಿನಿಂದ ಬರುತ್ತಿದ್ದ ಬಯೋಸ್ಕೋಪ್ ಎಂಬ ವಾರಪತ್ರಿಕೆಯನ್ನು ತಪ್ಪದೆ ಓದಿದರು. ನಿದ್ರೆಯನ್ನು ಬಿಟ್ಟು ಕಣ್ಣನ್ನು ದುಡಿಸಿದುದರ ಫಲವಾಗಿ ದೃಷ್ಟಿಯೇ ಮಂಕಾಗಿ, ಸ್ವಲ್ಪ ಕಾಲ ಕಾಣದಂತಾಯಿತು. ಚಿತ್ರ ಮಾಡಹೊರಟವನಿಗೆ ಕಣ್ಣು ಹೋಗುವುದಕ್ಕಿಂತ ದೊಡ್ಡ ಆಪತ್ತು ಇನ್ನಾವುದಿದೆ? ಕಣ್ಣಿನ ಡಾಕ್ಟರರ ಚಿಕಿತ್ಸೆಯಿಂದಲೂ ಕನ್ನಡಕಗಳ ಬಲದಿಂದಲೂ ದೃಷ್ಟಿಯು ಮರಳಿತು. ಅವರು ಮರಳಿ ಅದೇ ಕೆಲಸಕ್ಕೆ ಕುಳಿತರು.

ಬಂಧುಗಳಲ್ಲಿಯೂ ಸ್ನೇಹಿತರಲ್ಲಿಯೂ ಇವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಆಡಿಕೊಂಡವರಿದ್ದರು. ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದವು. ಕೊನೆಗೆ ಜೀವವಿಮೆಯ ಪಾಲಿಸಿಗಳನ್ನು ಅಡವಿಟ್ಟು ಸಾಲ ಎತ್ತಿ, ೧೯೧೨ರ ಫೆಬ್ರವರಿಯಲ್ಲಿ ವಿಲಾಯತಿಯ ಹಡಗನ್ನು ಹತ್ತಿದರು. ತಾನು ಸತ್ತರೆ ಹೆಂಡತಿ ಮಕ್ಕಳಿಗೆ ಆಧಾರವಾಗಲಿ ಎಂದು ಕಟ್ಟಿದ ಹಣವನ್ನು ತಾನು ಕಲಿಯುವುದಕ್ಕೆ ಹಾಕಿದ ಮನುಷ್ಯನನ್ನು ವಿವೇಕಿಯೆನ್ನುವುದೋ ಅವಿವೇಕಿಯೆನ್ನುವುದೋ, ಅದನ್ನು ಗೃಹಸ್ಥರಾದ ವಾಚಕರೇ ನಿರ್ಣಯಿಸಲಿ.

ವಿಲಾಯತಿಯ ಪಾಠ

ಲಂಡನಿನಲ್ಲಿ ಪರಿಚಿತರು ಯಾರೂ ಇರಲಿಲ್ಲ. ತಾವು ಓದುತ್ತಿದ್ದ ಆ ವಾರಪತ್ರಿಕೆಯ ಕಚೇರಿಯನ್ನು ಹುಡುಕಿಕೊಂಡು ಹೋಗಿ, ಸಂಪಾದಕರಾದ ಕೇಬರ್ನ್ ಎಂಬವರನ್ನು ಕಂಡರು. ಇಂಗ್ಲೆಂಡಿನಲ್ಲಿಯೇ ಎಷ್ಟೋ ಮಂದಿ ಚಿತ್ರ ತೆಗೆಯಲು ಹೋಗಿ ಹಣ ಕಳೆದುಕೊಂಡಿರುವಾಗ ಹಿಂದೂಸ್ಥಾನದಲ್ಲಿ ಇದು ಸಾಗುವುದು ಕಷ್ಟವೆಂದು ಅವರು ಮೊದಲು ಎಚ್ಚರಿಸಿದರು. ಆದರೆ ಬಂದವನ ಶ್ರದ್ಧೆಯನ್ನು ಕಂಡು ಮನಸ್ಸು ಕರಗಿ, ವಾಲ್ಟನ್ನಿನಲ್ಲಿ ಚಿತ್ರಶಾಲೆಯನ್ನು ನಡೆಸುತ್ತಿದ್ದ ಪ್ರಸಿದ್ಧ ನಿರ್ಮಾಪಕ ಸೆಸಿಲ್ ಹೆಪ್‌ವರ್ಥ್ ಅವರಲ್ಲಿಗೆ ಕಳುಹಿಸಿದರು. ಹೆಪ್‌ವರ್ಥರು ಯಾವ ಗುಟ್ಟನ್ನೂ ಮುಚ್ಚಿಡದೆ ತಮ್ಮ ಕಾರ್ಖಾನೆಯ ಎಲ್ಲ ವಿಭಾಗಗಳನ್ನೂ ತೋರಿಸಿ ವಿವರಿಸಿದರು.

ದಾದಾಸಾಹೇಬರು ಅಲ್ಲಿ ಕಳೆದ ಕಾಲ ಎರಡು ವಾರಗಳಷ್ಟೇ. ಎರಡು ವಾರಗಳಲ್ಲಿ ಇಷ್ಟು ದೊಡ್ಡ ವಿದ್ಯೆಯನ್ನು ಹೇಗೆ ಕಲಿತರೆಂದು ಆಶ್ಚರ್ಯವೆನಿಸಬಹುದು. ಅದಕ್ಕೆ ಉತ್ತರವು ಹಿಂದಿನ ಇಪ್ಪತ್ತೈದು ವರ್ಷಗಳಲ್ಲಿದೆ. ಚಿತ್ರಕಲೆ, ಛಾಯಾಚಿತ್ರ, ಕಲ್ಲಚ್ಚು, ನಾಟಕದ ಪರದೆ, ಇಂದ್ರಜಾಲ, ರಸಾಯನ ಎಂಬ ಮಣಿಗಳೆಲ್ಲವೂ ಅವರಲ್ಲಿ ಆಗಲೇ ಇದ್ದವು. ವಿಲಾಯತಿಯಲ್ಲಿ ಅವರಿಗೆ ಬೇಕಾದದ್ದು ಪೋಣಿಸುವ ದಾರ ಮಾತ್ರ. ವಿಲಿಯಂಸನ್ ಕ್ಯಾಮರಾವನ್ನೂ, ಫಿಲ್ಮಿಗೆ ತೂತು ಕೊರೆಯುವ ಯಂತ್ರವನ್ನೂ, ಸಂಸ್ಕರಣೆಯ ಮತ್ತು ಮುದ್ರಣದ ಸಲಕರಣೆಗಳನ್ನೂ ಗೊತ್ತುಮಾಡಿ, ಏಪ್ರಿಲ್ ತಿಂಗಳಲ್ಲಿ ಮುಂಬಯಿಗೆ ಮರಳಿದರು.

ಮನೆಯೇ ಪಾಠಶಾಲೆ

ಸಲಕರಣೆಗಳು ಬಂದವು, ಆದರೆ ಚಿತ್ರ ತೆಗೆಯಲು ಬಂಡವಾಳ ಬೇಕಲ್ಲ! ಹಣವುಳ್ಳವರನ್ನು ನಂಬಿಸಲು ಅವರು ಮಾಡಿದ ಉಪಾಯವು ಸ್ವಾರಸ್ಯವಾಗಿದೆ. ಒಂದು ಕುಂಡದಲ್ಲಿ ಬಟಾಣಿ ಕಾಳನ್ನು ಬಿತ್ತಿ, ಅದರ ಮುಂದೆ ಕ್ಯಾಮರಾವನ್ನು ನಿಲ್ಲಿಸಿ, ಮೊಳಕೆಯು ಮೇಲೆದ್ದು ಗಿಡವಾಗುವವರೆಗೆ, ಸುಮಾರು ಒಂದು ತಿಂಗಳ ಕಾಲ, ಸ್ವಲ್ಪ ಸ್ವಲ್ಪವಾಗಿ ಚಿತ್ರ ತೆಗೆಯುತ್ತ ಹೋದರು. ಪರದೆಯ ಮೇಲೆ ಅದು ಒಂದು ನಿಮಿಷದ ಆಟವಾಯಿತು. ಕಾಳು ಒಡೆದು ಬಳ್ಳಿಯಾಗಿ ಹಬ್ಬಿದುದನ್ನು ನೋಡಿ ಜನರು ದಂಗಾದರು. ಛಾಯಾಚಿತ್ರ ಸಾಮಗ್ರಿಗಳ ವ್ಯಾಪಾರಿಯಾದ ಯಶವಂತರಾವ್ ನಾಡಕರ್ಣಿಯವರು ಸಾಲ ಕೊಡಲು ಒಪ್ಪಿದರು. ಸಾಲಕ್ಕೆ ಸರಸ್ವತೀಬಾಯಿಯವರ ಆಭರಣಗಳೂ ಅಡವಾದವು.

ದಾದರಿನ ಅವರ ಬಂಗಲೆಯೇ ಚಿತ್ರಶಾಲೆಯಾಯಿತು, ಅಡಿಗೆಯ ಮನೆಯ ಪಕ್ಕವೇ ಕತ್ತಲೆ ಕೋಣೆ. ಇಂದಿನಂತೆ ವಿದ್ಯುದ್ದೀಪಗಳಿರಲಿಲ್ಲವಾದುದರಿಂದ ಹಗಲಿನ ಬಿಸಿಲೇ ಗತಿ. ಕ್ಯಾಮರಾದ ಹಿಡಿಕೆಯನ್ನು ಕೈಯಿಂದಲೇ ಒಂದೇ ವೇಗದಲ್ಲಿ ತಿರುಗಿಸಬೇಕಾಗಿತ್ತು. ಕೈ ತಡೆದರೆ ಪರದೆಯ ಮೇಲಿನ ಮನುಷ್ಯರು ಕುಣಿದಾಡುತ್ತಿದ್ದರು. ಕಚ್ಚಾ ಫಿಲ್ಮಿಗೆ ಅಂಚಿನ ತೂತುಗಳೂ ಇರುತ್ತಿರಲಿಲ್ಲ. ಹಗಲೆಲ್ಲ ಅರವತ್ತು ಎಪ್ಪತ್ತು ಮಂದಿಗೆ ಅಡಿಗೆ ಮಾಡಿ ಬಡಿಸುತ್ತಿದ್ದ ಸರಸ್ವತೀಬಾಯಿಯವರು ರಾತ್ರಿ ಕತ್ತಲೆಯಲ್ಲಿ ಕುಳಿತು ಆ ಫಿಲ್ಮಿಗೆ ತೂತು ಕೊರೆಯುತ್ತಿದ್ದರು. ರಸಾಯನಗಳನ್ನು ಬೆರೆಸುವುದನ್ನೂ, ತೆಗೆದ ಚಿತ್ರವನ್ನು ಸಂಸ್ಕರಿಸುವುದನ್ನೂ ಗಂಡನಿಂದ ಕಲಿತರು. ಬಿಸಿಲನ್ನು ನಟರ ಮುಖಕ್ಕೆ ತಿರುಗಿಸಲು ಬಿಳಿಯ ಬಟ್ಟೆಯನ್ನು ಹಿಡಿದು ಗಂಟೆಗಟ್ಟಲೆ ನಿಂತರು. ದಾದಾಸಾಹೇಬರ ಪಾಠಶಾಲೆಯ ಮೊದಲ ಶಿಷ್ಯೆ ಅವರ ಹೆಂಡತಿ. ಆಕೆಗೆ ಯಾವ ಪದವಿಪತ್ರವೂ ದೊರೆಯಲಿಲ್ಲ.

ತ್ರ್ಯಂಬಕ ತೇಲಂಗ ಎಂಬ ಸ್ನೇಹಿತನಿಗೆ ಕ್ಯಾಮರಾ ನಡೆಸುವುದನ್ನು ಕಲಿಸಿ ಛಾಯಾಗ್ರಾಹಕನನ್ನಾಗಿ ಮಾಡಿದರು. ಹರಿಶ್ಚಂದ್ರನ ಪಾತ್ರಕ್ಕೆ ನಾಟಕದ ನಟರಾದ ದತ್ತಾತ್ರೇಯ ದಾಮೋದರ ದಾಬಕೆಯವರು ದೊರೆತರು. ರೋಹಿತಾಶ್ವನ ಪಾತ್ರಕ್ಕೆ ಬೇರೆ ತಂದೆತಾಯಿಗಳು ಮಕ್ಕಳನ್ನು ಕೊಡಲೊಪ್ಪದಿರಲು, ತಮ್ಮ ಮಗ ಭಾಲಚಂದ್ರನನ್ನೇ ನಿಲ್ಲಿಸಿದರು. ತಾರಾಮತಿಗೆ ಮಾತ್ರ ಹೆಂಗಸು ಸಿಕ್ಕಲಿಲ್ಲ. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು, ಬೀದಿ ಬೀದಿ ತಿರುಗಿದರು. ಕುಲಸ್ತ್ರೀಯರ ಮಾತಿರಲಿ, ವೇಶ್ಯೆಯರೂ ಈ ಕೆಲಸವು ತಮ್ಮ ಮರ್ಯಾದೆಗೆ ಕಡಿಮೆಯೆಂದು ನಿರಾಕರಿಸಿದರು. ಕೊನೆಗೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಚಹ ಕುಡಿಯುತ್ತಿದ್ದಾಗ, ಅಲ್ಲಿಯ ಅಡಿಗೆಯ ತರುಣನೊಬ್ಬನ ನಾಜೂಕಾದ ಮೈಕಟ್ಟೂ ಬೆರಳುಗಳೂ ಅವರ ಕಣ್ಣಿಗೆ ಬಿದ್ದವು. ಅವನೇ ಅಣ್ಣಾ ಸಾಳುಂಕೆ. ಹೋಟೆಲಿನಲ್ಲಿ ಅವನಿಗೆ ತಿಂಗಳಿಗೆ ೧೦ ರೂಪಾಯಿ ಸಂಬಳ. ದಾದಾಸಾಹೇಬರು ೧೫ ರೂಪಾಯಿ ಕೊಡುವೆನೆಂದು ಒಪ್ಪಿಸಿ ಕರೆತಂದರು.

ಈ ಸಾಳುಂಕೆಯ ಮುಂದಿನ ಕಥೆಯನ್ನು, ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಬಾಂಧವರು ವಿಶೇಷವಾಗಿ ತಿಳಿದಿರಬೇಕು. ತಾರಾಮತಿಯಾಗಿ ಮೆರೆದ ಅವನು ೧೯೧೭ರ ‘ಲಂಕಾದಹನ’ದಲ್ಲಿ ರಾಮನೂ ತಾನೇ, ಸೀತೆಯೂ ತಾನೇ ಆಗಿ ಅಭಿನಯಿಸಿದನು. ಅಷ್ಟಕ್ಕೇ ನಿಲ್ಲದೆ ಕ್ಯಾಮರಾದ ಹಿಂದೆ ಹೋಗಿ ನಿಂತು ಆ ವಿದ್ಯೆಯನ್ನೂ ಕಲಿತು, ಮುಂದಿನ ವರ್ಷಗಳಲ್ಲಿ ಅನೇಕ ಚಿತ್ರಗಳ ಛಾಯಾಗ್ರಾಹಕನಾದನು. ಹೋಟೆಲಿನ ಒಲೆಯ ಮುಂದಿದ್ದ ಕೈ ಕ್ಯಾಮರಾವನ್ನು ಹಿಡಿದಿತು. ಕಲಿಸುವವರೊಬ್ಬರು ಸಿಕ್ಕಿದುದರಿಂದ ಇದು ಸಾಧ್ಯವಾಯಿತು.

ಚಿತ್ರದಲ್ಲಿ ಕೆಲಸ ಮಾಡುವವರಿಗೆ ಸಮಾಜದಲ್ಲಿ ಮರ್ಯಾದೆಯಿಲ್ಲದ ಕಾಲವದು. ಆದುದರಿಂದ ದಾದಾಸಾಹೇಬರು ತಮ್ಮ ಜನರಿಗೆ, ಯಾರಾದರೂ ಕೇಳಿದರೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ನೌಕರಿಯೆಂದು ಹೇಳಿರೆಂದು ಕಲಿಸಿದ್ದರಂತೆ. ವಾಂಗಣಿ ಎಂಬ ಹಳ್ಳಿಗೆ ಹೊರಾಂಗಣದ ಚಿತ್ರಕ್ಕಾಗಿ ಕತ್ತಿ ಈಟಿಗಳೊಡನೆ ಮುಂದಾಗಿ ಹೋದ ನಟರನ್ನು ಡಕಾಯಿತರೆಂದು ತಿಳಿದು ಪೋಲೀಸರು ಹಿಡಿದಿಟ್ಟರೆಂದೂ, ದಾದಾಸಾಹೇಬರು ಬಂದು ಕ್ಯಾಮರಾವನ್ನು ತೆರೆದು ತೋರಿಸಿದ ಮೇಲೆಯೇ ಬಿಟ್ಟರೆಂದೂ ಒಂದು ಕಥೆಯಿದೆ.

ಹೀಗೆ ಆರೇಳು ತಿಂಗಳ ದುಡಿಮೆಯಿಂದ ಸುಮಾರು ೩,೭೦೦ ಅಡಿಗಳ ‘ರಾಜಾ ಹರಿಶ್ಚಂದ್ರ’ವು ಸಿದ್ಧವಾಯಿತು. ೧೯೧೩ರ ಏಪ್ರಿಲ್ ೨೧ರಂದು ಆಹ್ವಾನಿತರಿಗೂ, ಮೇ ೩ರಂದು ಗಿರಗಾಂವದ ಕಾರೋನೇಶನ್ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೂ ಅದನ್ನು ತೋರಿಸಲಾಯಿತು. ಭಾರತೀಯನು ತೆಗೆದ ಪೂರ್ಣ ಪ್ರಮಾಣದ ಮೊದಲ ಕಥಾಚಿತ್ರವೆಂದು ಅದನ್ನು ಇಂದು ಸಾಮಾನ್ಯವಾಗಿ ಮನ್ನಿಸಲಾಗುತ್ತಿದೆ.

ಏಳು ಬೀಳು

ಅದೇ ವರ್ಷ ಅವರು ಚಿತ್ರಶಾಲೆಯನ್ನು ನಾಸಿಕಕ್ಕೆ ಸಾಗಿಸಿದರು. ಎರಡನೆಯ ಚಿತ್ರವಾದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತರೂ ಅವರ ಮಗಳು ಕಮಲಾಬಾಯಿಯೂ ಅಭಿನಯಿಸಿದುದರಿಂದ, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರುವ ಹಾದಿಯೂ ತೆರೆಯಿತು. ೧೯೧೪ರಲ್ಲಿ ತಮ್ಮ ಚಿತ್ರಗಳನ್ನು ಲಂಡನಿಗೆ ಒಯ್ದು ತೋರಿಸಿದಾಗ ಅಲ್ಲಿಯವರು ಮೆಚ್ಚಿಕೊಂಡು, ಅಲ್ಲಿಯೇ ನಿಂತು ಚಿತ್ರ ತೆಗೆಯುವಂತೆ ಕರೆದರು. ಈ ಉದ್ಯಮವು ತಮ್ಮ ದೇಶದಲ್ಲಿಯೇ ಬೆಳೆಯಬೇಕೆಂಬ ಹಟದಿಂದ ಅವರು ಒಪ್ಪದೆ ಮರಳಿ ಬಂದರು. ಬರುವಷ್ಟರಲ್ಲಿ ಮಹಾಯುದ್ಧವು ಆರಂಭವಾಗಿ ಸಾಲ ಕೊಡುವವರು ಹಿಂಜರಿದರು. ಆ ಕಷ್ಟದ ವರ್ಷಗಳನ್ನು ಹಲ್ಲುಕಚ್ಚಿ ದಾಟಿದ ಮೇಲೆ ೧೯೧೭ರಲ್ಲಿ ‘ಲಂಕಾದಹನ’ವು ಅಪಾರ ಯಶಸ್ಸನ್ನು ತಂದಿತು.

ಆ ಯಶಸ್ಸಿನ ವರ್ಷದಲ್ಲಿಯೇ ಅವರು ಮಾಡಿದ ಇನ್ನೊಂದು ಕೆಲಸವು ಅಷ್ಟಾಗಿ ಪ್ರಚಾರದಲ್ಲಿಲ್ಲ. ಚಿತ್ರಗಳನ್ನು ಹೇಗೆ ತಯಾರಿಸುತ್ತಾರೆಂಬುದನ್ನು ಜನರಿಗೆ ತಿಳಿಸುವುದಕ್ಕಾಗಿಯೇ ಒಂದು ಕಿರುಚಿತ್ರವನ್ನು ತೆಗೆದು, ಅದರಲ್ಲಿ ತಾವೇ ಕಾಣಿಸಿಕೊಂಡರು. ನಟರಿಗೆ ಹೇಳಿಕೊಡುವುದು, ಚಿತ್ರ ತೆಗೆಯುವುದು, ಫಿಲ್ಮನ್ನು ಪರೀಕ್ಷಿಸಿ ಕತ್ತರಿಸಿ ಜೋಡಿಸುವುದು ಇವೆಲ್ಲವೂ ಅದರಲ್ಲಿದ್ದವು. ಅದೇ ಹೊತ್ತಿಗೆ ‘ನವಯುಗ’ ಎಂಬ ಮರಾಠಿ ಮಾಸಪತ್ರಿಕೆಯಲ್ಲಿ ಭಾರತೀಯ ಚಿತ್ರೋದ್ಯಮದ ಕುರಿತು ಲೇಖನಮಾಲೆಯನ್ನೂ ಬರೆದರು. ಕಸುಬಿನ ಗುಟ್ಟನ್ನು ಮಗನಿಗೂ ಬಿಟ್ಟುಕೊಡದ ವ್ಯಾಪಾರಿಗಳನ್ನು ನಾವು ಕಂಡಿದ್ದೇವೆ. ಕಣ್ಣನ್ನೂ ಮನೆಯನ್ನೂ ಪಣವಿಟ್ಟು ಗಳಿಸಿದ ವಿದ್ಯೆಯನ್ನು ಇವರು ಊರಿಗೆಲ್ಲ ಹಂಚಲು ನಿಂತರು.

ಬಳಿಕ ಮುಂಬಯಿಯ ವರ್ತಕರು ಕೂಡಿ ಹಣ ಹಾಕಲು, ಹಿಂದೂಸ್ಥಾನ ಸಿನೆಮಾ ಫಿಲ್ಮ್ ಕಂಪೆನಿಯು ಸ್ಥಾಪಿತವಾಯಿತು. ಅವರ ಮಗಳು ಮಂದಾಕಿನಿಯು ಬಾಲಕೃಷ್ಣನಾಗಿ ಕಾಣಿಸಿಕೊಂಡ ‘ಶ್ರೀಕೃಷ್ಣ ಜನ್ಮ’ ಮತ್ತು ‘ಕಾಳಿಯ ಮರ್ದನ’ ಚಿತ್ರಗಳು ೧೯೧೮-೧೯ರಲ್ಲಿ ಬಂದವು. ಆದರೆ ಮತ್ತೆ ಅದೇ ಹಳೆಯ ವ್ಯಥೆ: ಪಾಲುದಾರರಿಗೆ ಲೆಕ್ಕ ಬೇಕು, ದಾದಾಸಾಹೇಬರಿಗೆ ಚಿತ್ರ ಚೆನ್ನಾಗಿ ಬರಬೇಕು. ಖರ್ಚಿನ ವಿಷಯದಲ್ಲಿ ಜಗಳ ಬೆಳೆದು, ಬೇಸತ್ತು, ಸಂಸಾರದೊಡನೆ ಕಾಶಿಗೆ ಹೊರಟುಹೋದರು. ಅಲ್ಲಿ ‘ರಂಗಭೂಮಿ’ ಎಂಬ ನಾಟಕವನ್ನು ಬರೆದರು. ಕೆಲವು ವರ್ಷಗಳ ನಂತರ ಕಂಪೆನಿಗೆ ಮರಳಿದರಾದರೂ ಮೊದಲಿನ ಹಿಡಿತವು ಕೈಗೆ ಬರಲಿಲ್ಲ.

೧೯೩೧ರಲ್ಲಿ ‘ಆಲಂ ಆರಾ’ ಬಂದು ಪರದೆಯು ಮಾತನಾಡಲಾರಂಭಿಸಿತು. ದಾದಾಸಾಹೇಬರ ‘ಸೇತುಬಂಧನ’ವು ಆಗ ಮೂಕಚಿತ್ರವಾಗಿ ತಯಾರಾಗುತ್ತಿತ್ತು, ಅದಕ್ಕೆ ಆಮೇಲೆ ಧ್ವನಿಯನ್ನು ಜೋಡಿಸಬೇಕಾಯಿತು. ಕೊಲ್ಲಾಪುರದಲ್ಲಿ ತಯಾರಾಗಿ ೧೯೩೭ರಲ್ಲಿ ಹೊರಬಂದ ‘ಗಂಗಾವತರಣ’ವೇ ಅವರು ಮಾತಿನ ಚಿತ್ರವಾಗಿಯೇ ತೆಗೆದ ಒಂದೇ ಚಿತ್ರ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವೂ ಅದೇ ಕೊಲ್ಲಾಪುರದಲ್ಲಿ ತಯಾರಾಗಿ ೧೯೩೪ರಲ್ಲಿ ತೆರೆಕಂಡಿತೆಂಬುದನ್ನು ಇಲ್ಲಿ ನೆನೆಯಬಹುದು. ‘ಗಂಗಾವತರಣ’ದ ಹೊತ್ತಿಗೆ ದಾದಾಸಾಹೇಬರಿಗೆ ೬೭ ವರ್ಷ. ಯಂತ್ರಗಳು ಬದಲಾಗಿದ್ದವು, ನಟನೆಯ ರೀತಿ ಬದಲಾಗಿತ್ತು, ಜನರ ರುಚಿಯೂ ಬದಲಾಗಿತ್ತು. ನಲವತ್ತರಲ್ಲಿ ಎರಡನೆಯ ಸಲ ವಿದ್ಯಾರ್ಥಿಯಾದವರಿಗೆ ಅರವತ್ತೇಳರಲ್ಲಿ ಮೂರನೆಯ ಸಲ ವಿದ್ಯಾರ್ಥಿಯಾಗುವ ಕಸುವು ಉಳಿದಿರಲಿಲ್ಲ. ತಾವೇ ಹಾಕಿದ ದಾರಿಯಲ್ಲಿ ಇತರರು ಬಂಡಿ ಹೊಡೆದುಕೊಂಡು ಹೋಗುತ್ತಿದ್ದುದನ್ನು ನೋಡುತ್ತ, ಹಣವಿಲ್ಲದೆ, ಜನರಿಗೆ ಮರೆತಂತಾಗಿ, ನಾಸಿಕದಲ್ಲಿ ದಿನಗಳನ್ನು ಕಳೆದರು. ೧೯೪೪ರ ಫೆಬ್ರವರಿ ೧೬ರಂದು ಅಲ್ಲಿಯೇ ದೇಹವಿಟ್ಟರು.

ಅವರು ತೆಗೆದ ಚಿತ್ರಗಳು ಚಿಕ್ಕವೂ ದೊಡ್ಡವೂ ಕೂಡಿ ನೂರರಷ್ಟು. ಅವುಗಳಲ್ಲಿ ಬಹುಪಾಲು ನಷ್ಟವಾಗಿವೆ. ಕೆಲವು ಚಿತ್ರಗಳ ತುಣುಕುಗಳು ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಿಂದಾಗಿ ಉಳಿದುಬಂದಿವೆ. ಚಿತ್ರ ತೆಗೆಯುವ ಬಗೆಯನ್ನು ತೋರಿಸುವ ಆ ಕಿರುಚಿತ್ರದ ಸ್ವಲ್ಪ ಭಾಗವೂ ಉಳಿದಿರುವುದು ನಮ್ಮ ಭಾಗ್ಯ. ಗುರುವಿನ ಪಾಠವು ಪೂರ್ತಿ ಅಳಿಯಲಿಲ್ಲ.

ಶಾಲೆ ಬಂದ ಬಗೆ

ದಾದಾಸಾಹೇಬರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಸ್ವತಂತ್ರ ಭಾರತದ ಸರಕಾರವು ಮುಂಬಯಿಯ ಎಸ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಚಿತ್ರೋದ್ಯಮದ ವಿಚಾರಣಾ ಸಮಿತಿಯನ್ನು ನೇಮಿಸಿತು. ೧೯೫೧ರಲ್ಲಿ ಆ ಸಮಿತಿಯು ಮಾಡಿದ ಶಿಫಾರಸುಗಳಲ್ಲಿ ಚಲಚ್ಚಿತ್ರವನ್ನು ಕಲಿಸುವ ಸಂಸ್ಥೆಯೂ ಒಂದು. ಅದರಂತೆ ೧೯೬೦ರಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಸಂಸ್ಥೆಯು ಆರಂಭವಾಯಿತು. ಪ್ರಭಾತದ ಸ್ಥಾಪಕರಲ್ಲೊಬ್ಬರಾದ ವಿ. ಶಾಂತಾರಾಮರು ಬಾಲ್ಯದಲ್ಲಿ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿಯೂ ತಗಡಿನ ಚಿತ್ರಮಂದಿರದಲ್ಲಿಯೂ ದುಡಿದವರು. ೧೯೭೪ರಲ್ಲಿ ದೂರದರ್ಶನದ ತರಬೇತಿ ವಿಭಾಗವೂ ದೆಹಲಿಯಿಂದ ಪುಣೆಗೆ ಬಂದು ಕೂಡಿಕೊಂಡಿತು. ೨೦೨೫ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನವೂ ದೊರೆಯಿತು. ನಿರ್ದೇಶನ, ಛಾಯಾಗ್ರಹಣ, ಧ್ವನಿ, ಸಂಕಲನ ಎಂದು ದಾದಾಸಾಹೇಬರು ಒಂಟಿಯಾಗಿ ಹೊತ್ತ ಹೊರೆಯನ್ನು ಅಲ್ಲಿ ಬೇರೆ ಬೇರೆ ಶಾಖೆಗಳಾಗಿ ಹಂಚಿ ಕಲಿಸುತ್ತಾರೆ. ನಮ್ಮ ಗಿರೀಶ್ ಕಾಸರವಳ್ಳಿಯವರು ೧೯೭೫ರಲ್ಲಿ ಅಲ್ಲಿಂದಲೇ ಕಲಿತು ಹೊರಬಂದವರು.

ಇನ್ನು ಕನ್ನಡ ನಾಡು ಈ ವಿಷಯದಲ್ಲಿ ಪುಣೆಗಿಂತಲೂ ಮುಂದಿತ್ತೆಂದು ಹೇಳಲು ನಮಗೆ ಹೆಮ್ಮೆಯೆನಿಸುತ್ತದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ೧೯೪೦ರ ದಶಕದಲ್ಲಿಯೇ ಛಾಯಾಗ್ರಹಣವನ್ನು ಕಲಿಸಲಾಗುತ್ತಿತ್ತು. ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿ ಕಲಿತು, ಮುಂಬಯಿಗೆ ಬಂದು, ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದು ದೇಶಕ್ಕೆಲ್ಲ ಹೆಸರಾದರು. ದಾದಾಸಾಹೇಬರ ಹೆಸರಿನಲ್ಲಿ ೧೯೬೯ರಿಂದ ಕೊಡಲಾಗುತ್ತಿರುವ ರಾಷ್ಟ್ರಪ್ರಶಸ್ತಿಯು ಡಾ. ರಾಜಕುಮಾರರ ನಂತರ, ೨೦೦೮ನೆಯ ಸಾಲಿನಲ್ಲಿ, ಈ ಮೂರ್ತಿಯವರಿಗೆ ಸಂದಿತು. ಶಾಲೆಯಿಲ್ಲದೆ ಕಲಿತವರ ಹೆಸರಿನ ಗೌರವವು ಶಾಲೆಯಲ್ಲಿ ಕಲಿತ ಕನ್ನಡಿಗನನ್ನು ಹುಡುಕಿಕೊಂಡು ಬಂದಿತು.

ಇಷ್ಟನ್ನೂ ಕೇಳಿದ ಮೇಲೆ ನಮ್ಮ ಪರಿಚಿತರು ಒಂದೇ ಒಂದು ಪ್ರಶ್ನೆಯನ್ನು ಹಾಕಿದರು. ಇದರಿಂದ ಹೊಟ್ಟೆ ತುಂಬೀತೇ ಎಂಬುದೇ ಆ ಪ್ರಶ್ನೆ. ದಾದಾಸಾಹೇಬರ ಬಾಳನ್ನು ಮುಂದಿಟ್ಟುಕೊಂಡು ಹೌದೆಂದು ಹೇಳುವ ಧೈರ್ಯ ನಮಗಾಗಲಿಲ್ಲ, ಇಲ್ಲವೆನ್ನಲೂ ಮನಸ್ಸಾಗಲಿಲ್ಲ. ನಾವು ಹೇಳಿದುದು ಇಷ್ಟೇ: ಇದು ಸೋಮಾರಿಗಳ ವಿದ್ಯೆಯಲ್ಲ. ಚಿತ್ರ, ಬೆಳಕು, ಶಬ್ದ, ರಸಾಯನ, ನಾಟಕ, ಲೆಕ್ಕ ಇವೆಲ್ಲ ಕೂಡಿದ ವಿದ್ಯೆ. ಇವುಗಳಲ್ಲಿ ಲೆಕ್ಕವೊಂದನ್ನು ಕಡೆಗಣಿಸಿದುದರಿಂದಲೇ ದಾದಾಸಾಹೇಬರು ಎರಡು ಸಲ ತಮ್ಮ ಮನೆಯಿಂದ ತಾವೇ ಹೊರಬೀಳಬೇಕಾಯಿತು. ಅವರು ಅರ್ಧ ಆಯುಷ್ಯವನ್ನೂ ಹೆಂಡತಿಯ ಒಡವೆಯನ್ನೂ ಕೊಟ್ಟು ಕೊಂಡ ವಿದ್ಯೆಯು ಇಂದು ಮೂರು ವರ್ಷಗಳಲ್ಲಿ, ಗುರುಗಳ ಕೈಕೆಳಗೆ ದೊರೆಯುತ್ತಿದೆ. ಅದನ್ನು ಕಲಿಯುವೆನೆನ್ನುವ ಮಗನನ್ನು ಬೈಯುವ ಮುನ್ನ, ಅವನು ರಾತ್ರಿ ನಿದ್ದೆಗೆಟ್ಟು ಏನು ಮಾಡುತ್ತಿದ್ದಾನೆಂದು ಒಮ್ಮೆ ಎದ್ದು ನೋಡಬೇಕು.

ಅವರು ಹೆಚ್ಚು ಮಾತನಾಡದೆ ಚಹ ಮುಗಿಸಿ ಹೊರಟುಹೋದರು. ಮರುವಾರ ಫೋನು ಬಂದಿತು. ಪ್ರವೇಶ ಪರೀಕ್ಷೆಯ ದಿನ ಮಗನ ಜೊತೆಗೆ ತಾವೂ ಹೋಗುವುದಾಗಿ ತಿಳಿಸಿದರು.